ಉಸಿರಿನ ಯಂತ್ರಕ್ಕೆ ದುಡ್ಡು ಯಾರು ಕೊಡುತ್ತಾರೆ?

ನಿದ್ರಾ ಪರೀಕ್ಷೆಯ ವರದಿ ನೋಡಿ ವೈದ್ಯರು ‘ಸಿಪ್ಯಾಪ್ ಹಾಕಿಕೊಂಡೇ ಮಲಗಬೇಕು’ ಎಂದ ಕೂಡಲೇ ಮನೆಯವರು ಕೇಳುವುದು ಒಂದೇ: ‘ಡಾಕ್ಟ್ರೇ, ಇದು ಇನ್ಶೂರೆನ್ಸ್‌ನಲ್ಲಿ ಬರುತ್ತಾ?’ ನಮ್ಮ ದೇಶದಲ್ಲಿ ಮಾಮೂಲಿ ಆರೋಗ್ಯ ವಿಮೆ ಇಟ್ಟುಕೊಂಡವರಿಗೆ ಸಿಗುವ ಉತ್ತರ ಬಹುಮಟ್ಟಿಗೆ ‘ಇಲ್ಲ’. ಆ ಉತ್ತರಕ್ಕಿಂತ ಹೆಚ್ಚು ಹಾನಿ ಮಾಡುವುದು ಅದಕ್ಕಾಗಿ ಕಾಯುವ ಕಾಲ. ಕ್ಲೇಮ್ ಪಾಸಾದರೆ ತಗೊಳ್ಳೋಣ, ಮುಂದಿನ ವರ್ಷ ಬೇರೆ ಪಾಲಿಸಿ ಮಾಡಿಸಿ ನೋಡೋಣ ಎನ್ನುತ್ತ ತಿಂಗಳುಗಟ್ಟಲೆ ಕಳೆಯುವವರು ಬಹಳ. ಅಷ್ಟು ರಾತ್ರಿಯೂ ಉಸಿರು ಕಟ್ಟುತ್ತಲೇ ಇರುತ್ತದೆ.

ಕಾಯಿಲೆಯ ಹೆಸರು ಸ್ಲೀಪ್ ಆಪ್ನಿಯ, ಅದರ ಪರಿಚಯ ಚುಟುಕಾಗಿ ಸಾಕು. ನಿದ್ದೆ ಹತ್ತಿದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಉಸಿರಿನ ದಾರಿ ಪೂರ್ತಿಯೋ ಅರ್ಧವೋ ಮುಚ್ಚಿಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಬೆಚ್ಚಿ ಎಚ್ಚರಿಸುತ್ತದೆ, ಜೋರು ಗೊರಕೆಯೊಂದಿಗೆ ಉಸಿರು ಮರಳುತ್ತದೆ. ಕನಿಷ್ಠ 10 ಸೆಕೆಂಡು ಹೀಗೆ ತಡೆದರೆ ಅದನ್ನು ಒಂದು ಎಂದು ಎಣಿಸುತ್ತಾರೆ. ಗಂಟೆಗೆ ಸರಾಸರಿ ಎಷ್ಟು ಸಲ ಎಂಬ ಲೆಕ್ಕವೇ ವರದಿಯಲ್ಲಿರುವ ಎಎಚ್‌ಐ. 5ರೊಳಗಿದ್ದರೆ ಸರಿ, 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ. ರಕ್ತದೊತ್ತಡ, ಹೃದಯದ ಲಯ ತಪ್ಪುವುದು, ಪಾರ್ಶ್ವವಾಯು, ಗಾಡಿ ಓಡಿಸುವಾಗ ತೂಕಡಿಕೆ ಎಲ್ಲಕ್ಕೂ ಇದರ ನಂಟಿದೆ. ಭಾರತದಲ್ಲಿ ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಜನರಿಗೆ ಈ ತೊಂದರೆ ಇರಬಹುದೆಂದು ದೆಹಲಿಯ ಏಮ್ಸ್ ಸಂಶೋಧಕರು 2023ರಲ್ಲಿ ಅಂದಾಜಿಸಿದರು.

ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದೇ ಇಡುವ ಉಪಾಯವನ್ನು ಸಿಡ್ನಿಯ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು 1981ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ, ಕೇವಲ 5 ರೋಗಿಗಳ ಅನುಭವದೊಂದಿಗೆ ಪ್ರಕಟಿಸಿದರು. ಅದೇ ಸಿಪ್ಯಾಪ್, ಇಂದಿಗೂ ಮುಖ್ಯ ಚಿಕಿತ್ಸೆ. ಈ ಯಂತ್ರ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಹಾಕಿಕೊಂಡ ರಾತ್ರಿ ಕೆಲಸ ಮಾಡುತ್ತದೆ, ತೆಗೆದಿಟ್ಟ ರಾತ್ರಿ ಇಲ್ಲ. ವಿಮೆಯ ತೊಡಕು ಶುರುವಾಗುವುದು ಇಲ್ಲಿಂದಲೇ.

ನಮ್ಮ ಆರೋಗ್ಯ ವಿಮೆ ಹುಟ್ಟಿ ಬೆಳೆದಿದ್ದು ಆಸ್ಪತ್ರೆಯ ಹಾಸಿಗೆಯ ಸುತ್ತ. ಬಹುತೇಕ ಪಾಲಿಸಿಗಳಲ್ಲಿ ಕನಿಷ್ಠ 24 ಗಂಟೆ ದಾಖಲಾಗಬೇಕು, ದಾಖಲಾದದ್ದು ಚಿಕಿತ್ಸೆಗಾಗಿ ಇರಬೇಕು. ನಿದ್ರಾ ಪರೀಕ್ಷೆಗೆ ರೋಗಿ ರಾತ್ರಿ ಊಟ ಮುಗಿಸಿ ಹೋಗುತ್ತಾನೆ, ಬೆಳಗ್ಗೆ ಎದ್ದು ಮನೆಗೆ ಬರುತ್ತಾನೆ. ಅಲ್ಲಿಗೆ 24 ಗಂಟೆಯ ಷರತ್ತು ತಪ್ಪಿತು. ಒಂದು ದಿನ ಹೆಚ್ಚಿಗೆ ಉಳಿದರೂ ಉಪಯೋಗವಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಎಲ್ಲ ಕಂಪನಿಗಳಿಗೂ ಒಂದೇ ಮಾತಿನಲ್ಲಿ ಬರೆದುಕೊಟ್ಟ ಹೊರಗಿಡುವಿಕೆಗಳಿವೆ. ಅವುಗಳಲ್ಲಿ 4ನೆಯದು, ಬರೀ ತಪಾಸಣೆಗೆಂದು ದಾಖಲಾದರೆ ಖರ್ಚು ಕೊಡುವುದಿಲ್ಲ ಎನ್ನುತ್ತದೆ. ‘ಬೇರೆ ಏನಾದರೂ ಕಾಯಿಲೆ ಬರೆಸಿ ಎರಡು ದಿನ ಅಡ್ಮಿಟ್ ಆಗಿ, ಟೆಸ್ಟ್ ಅದರಲ್ಲೇ ಸೇರಿಸೋಣ’ ಎನ್ನುವ ಸಲಹೆ ಎಲ್ಲಿಂದಲಾದರೂ ಬಂದರೆ ದಯವಿಟ್ಟು ಒಪ್ಪಬೇಡಿ. ಅದು ವಂಚನೆ. ಸಿಕ್ಕಿಬಿದ್ದರೆ ಪಾಲಿಸಿಯೇ ರದ್ದಾಗುತ್ತದೆ, ನಾಳೆ ಹೃದಯಾಘಾತವಾದಾಗ ಕೈಯಲ್ಲಿ ಏನೂ ಇರುವುದಿಲ್ಲ.

ಪರೀಕ್ಷೆಯ ಕಥೆ ಇದು. ಯಂತ್ರದ್ದು ಇನ್ನೂ ಬಿಗಿ. ಮನೆಯಲ್ಲಿ ಬಳಸುವ ಸಿಪ್ಯಾಪ್, ಉಸಿರೆಳೆಯುವಾಗ ಒಂದು, ಬಿಡುವಾಗ ಇನ್ನೊಂದು ಒತ್ತಡ ಕೊಡುವ ಬೈಪ್ಯಾಪ್, ಆಕ್ಸಿಜನ್ ಕಾನ್ಸಂಟ್ರೇಟರ್ ಮುಂತಾದ ಹೊರ ಉಪಕರಣಗಳಿಗೆ ಹಣವಿಲ್ಲ ಎಂದು ಅನೇಕ ಪಾಲಿಸಿಗಳು ಹೆಸರು ಹಿಡಿದೇ ಬರೆದಿರುತ್ತವೆ. ಉಸಿರಾಟ ಕೈಕೊಟ್ಟು ಐಸಿಯುಗೆ ಸೇರಿದವರಿಗೆ ಡಿಸ್ಚಾರ್ಜ್ ದಿನ ಬೈಪ್ಯಾಪ್ ಬರೆದುಕೊಟ್ಟರೆ, ‘ಡಿಸ್ಚಾರ್ಜ್ ನಂತರದ ಖರ್ಚೂ ಪಾಲಿಸಿಯಲ್ಲಿದೆಯಲ್ಲ’ ಎಂದು ಮನೆಯವರು ಆಸೆಪಡುವುದು ಸಹಜ. ಆ ಅವಧಿಯಲ್ಲಿ ಔಷಧಿ, ಪರೀಕ್ಷೆ, ವೈದ್ಯರ ಭೇಟಿಯ ಖರ್ಚು ಸಿಗುತ್ತದೆ. ಮನೆಗೆ ಒಯ್ದ ಯಂತ್ರದ ಬಿಲ್ಲನ್ನು ಸಾಮಾನ್ಯವಾಗಿ ತಳ್ಳಿಹಾಕುತ್ತಾರೆ. ಇನ್ನೊಂದು ಗೊಂದಲ ‘ಕನ್ಸ್ಯೂಮಬಲ್ಸ್ ರೈಡರ್’ ಎಂಬ ಹೆಚ್ಚುವರಿ ಸೌಲಭ್ಯದ ಬಗ್ಗೆ. ಅದು ಗ್ಲೌಸ್, ಪಿಪಿಇ ಕಿಟ್‌ನಂತಹ, ಆಸ್ಪತ್ರೆ ಬಿಲ್ಲಿನಲ್ಲಿ ಕಡಿತವಾಗುವ ಚಿಲ್ಲರೆ ಸಾಮಾನುಗಳಿಗೆ ಇರುವುದು. ಅದನ್ನು ತೆಗೆದುಕೊಂಡವರು ಸಿಪ್ಯಾಪ್ ಕೂಡ ಬರುತ್ತದೆಂದು ನಂಬಬಾರದು.

ಪ್ರಾಧಿಕಾರದ ಅದೇ ಪಟ್ಟಿಯ 6ನೆಯ ಹೊರಗಿಡುವಿಕೆ ನನಗೆ ತುಂಬ ನೋವು ಕೊಡುತ್ತದೆ. ಬೊಜ್ಜಿನ ಶಸ್ತ್ರಚಿಕಿತ್ಸೆಗೆ ವಿಮೆ ಯಾವಾಗ ಕೊಡಬೇಕು ಎಂದು ಅದು ಹೇಳುತ್ತದೆ: ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ. 35 ಮುಟ್ಟಿದ್ದು ಜೊತೆಗೆ ಕೆಲವು ಗಂಭೀರ ಕಾಯಿಲೆಗಳಲ್ಲಿ ಒಂದಿದ್ದರೂ ಆಗುತ್ತದೆ, ತೂಕ ಇಳಿಸುವ ಸೌಮ್ಯ ದಾರಿಗಳು ಸೋತಿರಬೇಕಷ್ಟೆ. ಆ ಕಾಯಿಲೆಗಳ ಪಟ್ಟಿಯಲ್ಲಿ ತೀವ್ರ ಸ್ಲೀಪ್ ಆಪ್ನಿಯ ಇದೆ. ಅಂದರೆ ಕಾಯಿಲೆ ಗಂಭೀರವೆಂದು ನಿಯಮವೇ ಒಪ್ಪಿದೆ. ಜಠರದ ಗಾತ್ರ ಕಡಿಮೆ ಮಾಡುವ, ಲಕ್ಷಗಟ್ಟಲೆ ಖರ್ಚಿನ ಆಪರೇಷನ್‌ಗೆ ದಾರಿ ಬಿಟ್ಟಿದೆ. ಅದೇ ಕಾಯಿಲೆಗೆ ಮೊದಲು ಕೊಡಬೇಕಾದ, ಅದಕ್ಕಿಂತ ಎಷ್ಟೋ ಅಗ್ಗದ ಯಂತ್ರಕ್ಕೆ ದಾರಿಯಿಲ್ಲ. ಆ ಆಪರೇಷನ್ ನಿಜಕ್ಕೂ ಬೇಕಾದವರಿದ್ದಾರೆ, ಅವರಿಗೆ ಸಿಗಲಿ. ಹಣ ಯಾವುದಕ್ಕೆ ಬರುತ್ತದೆ ಎಂಬುದನ್ನು ನೋಡಿ ಚಿಕಿತ್ಸೆ ಆರಿಸುವ ಸ್ಥಿತಿ ಮಾತ್ರ ಯಾರಿಗೂ ಬರಬಾರದು. ಯಂತ್ರವಿಲ್ಲದೆ ಬಿಟ್ಟ ರೋಗಿ ಮುಂದೆ ಪಾರ್ಶ್ವವಾಯು ಬಡಿದು ಬಂದರೆ ಅದೇ ಕಂಪನಿ ಐಸಿಯು ಬಿಲ್ ಕಟ್ಟುತ್ತದೆ. ಉಪಕರಣಕ್ಕೆ ಒಂದು ಮಿತಿ ಹಾಕಿಯಾದರೂ ಮೂಲ ಪಾಲಿಸಿಯಲ್ಲೇ ಹಣ ಕೊಡುವಂತೆ ಪ್ರಾಧಿಕಾರ ಹೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೂ ಕೆಲವರಿಗೆ ಹಣ ಸಿಗುತ್ತದೆ, ಅವರಲ್ಲಿ ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ. ಕೇಂದ್ರ ಸರ್ಕಾರಿ ನೌಕರರು ಮತ್ತು ಪಿಂಚಣಿದಾರರ ಸಿಜಿಎಚ್‌ಎಸ್ ಯೋಜನೆಯಲ್ಲಿ ಸಿಪ್ಯಾಪ್, ಬೈಪ್ಯಾಪ್ ಎರಡಕ್ಕೂ ಗರಿಷ್ಠ ದರದ ಮಿತಿಯೊಳಗೆ ಹಣ ಮರುಪಾವತಿಯಾಗುತ್ತದೆ. ಮೊದಲು ತಜ್ಞರ ಶಿಫಾರಸು, ಪರೀಕ್ಷೆಯ ವರದಿ ಕೊಟ್ಟು ಅನುಮತಿ ಪಡೆಯಬೇಕು, ಆಮೇಲೆ ಖರೀದಿ. ಈ ಕ್ರಮ ತಿರುಗುಮುರುಗಾದರೆ ಕಡತ ಅಲೆದಾಡುತ್ತದೆ. ಯಾವ ಬಗೆಯ ಪರೀಕ್ಷೆಯ ವರದಿ ಒಪ್ಪುತ್ತಾರೆ ಎಂಬುದನ್ನೂ ಪರೀಕ್ಷೆಗೆ ಮೊದಲೇ ಕೇಳಿಕೊಳ್ಳಿ. ಮಾಜಿ ಸೈನಿಕರ ಇಸಿಎಚ್‌ಎಸ್‌ನಲ್ಲೂ ಈ ಯಂತ್ರಗಳು ಸಿಗುತ್ತವೆ. ಕೊಡಗು, ಬೆಳಗಾವಿಯಂತಹ ಕಡೆ, ಮನೆಯಲ್ಲಿ ನಿವೃತ್ತ ಯೋಧರಿರುವವರು ಅದರ ಪಾಲಿಕ್ಲಿನಿಕ್‌ನಲ್ಲಿ ವಿಚಾರಿಸದೆ ಅಂಗಡಿಗೆ ಹೋಗಬೇಡಿ. ಖಾಸಗಿ ಕಂಪನಿಗಳಲ್ಲಿ ದುಡಿಯುವವರ ಗ್ರೂಪ್ ಪಾಲಿಸಿಯ ಷರತ್ತುಗಳನ್ನು ಕಂಪನಿಯೇ ಚೌಕಾಸಿ ಮಾಡಿ ಬರೆಸಿರುತ್ತದೆ. ಆದ್ದರಿಂದ ಕ್ಲೇಮ್ ನೋಡಿಕೊಳ್ಳುವ ಟಿಪಿಎ ಸಂಸ್ಥೆಯ ಸಹಾಯವಾಣಿಯ ಬಾಯಿಮಾತು ಸಾಲದು, ಎಚ್‌ಆರ್ ವಿಭಾಗದಿಂದ ಪಾಲಿಸಿಯ ಪ್ರತಿ ತರಿಸಿ ಓದಿ. ಈಚೆಗೆ ಕೆಲವು ಕಂಪನಿಗಳು ಮನೆಯಲ್ಲಿ ಬಳಸುವ ಉಪಕರಣಗಳಿಗೆಂದೇ ರೈಡರ್ ಮಾರುತ್ತಿವೆ. ಕಾಯಿಲೆ ಪತ್ತೆಯಾದ ಮೇಲೆ ಅದನ್ನು ಕೊಂಡರೆ ಕಾಯುವ ಅವಧಿ ಇದ್ದೇ ಇರುತ್ತದೆ. ಪತ್ತೆಯಾಗುವ ಮುನ್ನ ಯಾರೂ ಅದರ ಬಗ್ಗೆ ಯೋಚಿಸುವುದಿಲ್ಲ.

ಅಮೆರಿಕದಲ್ಲಿರುವ ಮಕ್ಕಳು ಫೋನಿನಲ್ಲಿ ‘ಇಲ್ಲಿ ಇನ್ಶೂರೆನ್ಸ್ ಕೊಡುತ್ತಲ್ಲ ಅಪ್ಪಾ’ ಎನ್ನುತ್ತಾರೆ. ನಿಜ, ಆದರೆ ಅಲ್ಲಿನ ಕರಾರು ಬೇರೆ. 65 ದಾಟಿದವರ ಮೆಡಿಕೇರ್ ಯೋಜನೆ ಮೊದಲು 12 ವಾರ ಪರೀಕ್ಷಾರ್ಥವಾಗಿ ಯಂತ್ರ ಕೊಡುತ್ತದೆ. ಮೊದಲ ಮೂರು ತಿಂಗಳೊಳಗೆ, ಸತತ 30 ದಿನಗಳ ಒಂದು ಅವಧಿಯಲ್ಲಿ ಶೇ 70ರಷ್ಟು ರಾತ್ರಿಗಳಾದರೂ ತಲಾ 4 ಗಂಟೆ ಬಳಸಿದ ದಾಖಲೆ ಇದ್ದರೆ ಮಾತ್ರ ಮುಂದುವರಿಕೆ. 13 ತಿಂಗಳ ಬಾಡಿಗೆ ಮುಗಿದ ಮೇಲೆ ಯಂತ್ರ ರೋಗಿಯದಾಗುತ್ತದೆ. ವರ್ಷಕ್ಕೆ ಮೊದಲು ಕೈಯಿಂದ ಕಟ್ಟಬೇಕಾದ ಮೊತ್ತ ಕಟ್ಟಿದ ಮೇಲೂ ಶೇ 20ರಷ್ಟು ರೋಗಿಯೇ ಕೊಡಬೇಕು. ಹಲವು ಖಾಸಗಿ ವಿಮೆಗಳೂ ಇದೇ ಜಾಡಿನಲ್ಲಿವೆ. ವಿಮೆ ಹಣ ಕೊಡಲು ಆರಂಭಿಸುವ ಮೊದಲು ತಾವೇ ಕಟ್ಟಬೇಕಾದ ಮೊತ್ತ ದೊಡ್ಡದಿರುವವರು ಅಲ್ಲೂ ವಿಮೆ ಬಿಟ್ಟು ನಗದು ಕೊಟ್ಟು ಕೊಳ್ಳುವುದುಂಟು, ಅದು ಅಗ್ಗವಾಗುವುದೂ ಉಂಟು. ಅಲ್ಲಿನ ವ್ಯವಸ್ಥೆಯಲ್ಲಿ ನಾವು ತೆಗೆದುಕೊಳ್ಳಬೇಕಾದದ್ದು ಆ 4 ಗಂಟೆಯ ಲೆಕ್ಕ. ನಮ್ಮಲ್ಲಿ ಯಂತ್ರ ಮಾರಿದ ಮೇಲೆ ಯಾರೂ ತಿರುಗಿ ನೋಡುವುದಿಲ್ಲ. ಅರ್ಧ ಲಕ್ಷದ ಯಂತ್ರ ಬೀರುವಿನ ಮೇಲೆ ಧೂಳು ಹಿಡಿದು ಕೂತಿರುವ ಮನೆಗಳು ಕಡಿಮೆಯಿಲ್ಲ. ಯಂತ್ರದ ಆ್ಯಪ್‌ನಲ್ಲೋ ಮೆಮೊರಿ ಕಾರ್ಡಿನಲ್ಲೋ ಪ್ರತಿ ರಾತ್ರಿಯ ದಾಖಲೆ ಇರುತ್ತದೆ. ತಿಂಗಳಾದ ಮೇಲೆ ಅದನ್ನು ಹಿಡಿದುಕೊಂಡು ವೈದ್ಯರ ಬಳಿ ಹೋಗಿ.

ಇನ್ನು ಕೈಯಿಂದ ಕೊಡುವ ಮಾತು. ಒತ್ತಡವನ್ನು ತಾನೇ ಏರಿಸಿ ಇಳಿಸುವ ‘ಆಟೋ’ ಸಿಪ್ಯಾಪ್ ಸುಮಾರು 30,000ದಿಂದ 80,000 ರೂಪಾಯಿಯವರೆಗೆ ಇದೆ. ಮಾಸ್ಕ್ ಕೆಲವು ಸಾವಿರ, ಅದನ್ನು ಆಗಾಗ ಬದಲಿಸಬೇಕು. 50,000ದ ಯಂತ್ರ 5 ವರ್ಷ ಬಂತು, ವರ್ಷಕ್ಕೆ ಮಾಸ್ಕಿಗೆ 6,000, ಫಿಲ್ಟರು ಮೆದುಗೊಳವೆಗೆ 1,000 ಎಂದುಕೊಂಡರೆ ಒಟ್ಟು 85,000. ರಾತ್ರಿಗೆ ಸುಮಾರು 47 ರೂಪಾಯಿ. ಒಮ್ಮೆಗೆ ಹೊಂದಿಸುವುದು ಎಷ್ಟೋ ಮನೆಗಳಿಗೆ ಕಷ್ಟ, ಹೀಗೆ ಬಿಡಿಸಿ ನೋಡಿದಾಗ ಕಂತಿನ ಯೋಚನೆಗಾದರೂ ಧೈರ್ಯ ಬರುತ್ತದೆ.

ಹಣ ಉಳಿಯುವ ಜಾಗ ಪರೀಕ್ಷೆಯಿಂದಲೇ ಶುರು. ಹೃದಯ, ಶ್ವಾಸಕೋಶದ ಗಂಭೀರ ಕಾಯಿಲೆ ಇಲ್ಲದೆ, ಲಕ್ಷಣಗಳು ಸ್ಪಷ್ಟವಾಗಿರುವ ವಯಸ್ಕರಿಗೆ ಮನೆಯಲ್ಲೇ ಮಾಡುವ ಪರೀಕ್ಷೆ ಸಾಮಾನ್ಯವಾಗಿ ಸಾಕಾಗುತ್ತದೆ. ಲ್ಯಾಬಿನಲ್ಲಿ ಮಲಗುವುದಕ್ಕಿಂತ ಅದು ಅಗ್ಗ. ಎರಡನೆಯದಾಗಿ, ಬೈಪ್ಯಾಪ್ ಬೆಲೆಯಲ್ಲಿ ಬಹಳ ಮೇಲೆ. ಸಿಓಪಿಡಿಯಂತಹ ಶ್ವಾಸಕೋಶದ ಕಾಯಿಲೆಯಿಂದಲೋ ಬೇರೆ ಕಾರಣದಿಂದಲೋ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುವ ತೊಂದರೆ ಇರುವವರಿಗೆ ಅದು ಬೇಕಾಗಬಹುದು. ಬರೀ ಗಂಟಲು ಮುಚ್ಚಿಕೊಳ್ಳುವ ತೊಂದರೆ ಇರುವ ಹೆಚ್ಚಿನವರಿಗೆ ಸಿಪ್ಯಾಪ್ ಸಾಕು. ಮಾರಾಟಗಾರರು ‘ಇದು ಇನ್ನೂ ಚೆನ್ನಾಗಿದೆ ಸರ್’ ಎಂದು ಬೈಪ್ಯಾಪ್ ತೋರಿಸಿದರೆ ವೈದ್ಯರನ್ನು ಕೇಳದೆ ಒಪ್ಪಬೇಡಿ.

ಸಾಧ್ಯವಿದ್ದರೆ ಮೊದಲ ತಿಂಗಳು ಬಾಡಿಗೆಗೆ ತೆಗೆದುಕೊಳ್ಳಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂತಹ ಊರುಗಳಲ್ಲಿ ಉಪಕರಣ ಬಾಡಿಗೆಗೆ ಕೊಡುವವರಿದ್ದಾರೆ. ಕೊಂಡರೆ ಬಾಡಿಗೆಯನ್ನು ಬೆಲೆಯಲ್ಲಿ ಕಳೆಯುತ್ತೀರಾ ಎಂದು ಕೇಳಿ. ಜನ ಯಂತ್ರ ಬಿಟ್ಟುಬಿಡುವುದು ಹೆಚ್ಚಾಗಿ ಮಾಸ್ಕ್ ಸರಿಹೊಂದದೆ. ಗಾಳಿ ಸೋರಿ ಕಣ್ಣಿಗೆ ಬಡಿಯುತ್ತದೆ, ಮೂಗಿನ ಮೇಲೆ ಗಾಯವಾಗುತ್ತದೆ, ಬಾಯಿ ಒಣಗುತ್ತದೆ. ಆದ್ದರಿಂದ ಯಂತ್ರದ ಕಂಪನಿಗಿಂತ ಮಾಸ್ಕಿನ ಅಳತೆಗೆ ಹೆಚ್ಚು ಸಮಯ ಕೊಡಿ. ಮಲಗಿಸಿ, ಒತ್ತಡ ಹಾಕಿ, ಎರಡು ಮೂರು ಬಗೆಯನ್ನು ತೋರಿಸಿ, ಹೊಂದದಿದ್ದರೆ ಬದಲಿಸಿಕೊಡುವ ಅಂಗಡಿಗೆ ಒಂದೆರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಸೆಕೆಂಡ್ ಹ್ಯಾಂಡ್ ಯಂತ್ರದ ಆಸೆ ಸಹಜ, ಅಪಾಯವೂ ಸಣ್ಣದಲ್ಲ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಶಬ್ದ ತಡೆಯಲು ಒಳಗಿಟ್ಟಿದ್ದ ಫೋಮ್ ಶಿಥಿಲವಾಗಿ ಉಸಿರಿನಲ್ಲಿ ಸೇರಬಹುದೆಂದು ಜಗತ್ತಿನಾದ್ಯಂತ ಲಕ್ಷಾಂತರ ಯಂತ್ರಗಳನ್ನು ವಾಪಸ್ ಕರೆಯಿತು. ಹಳೆಯ ಯಂತ್ರ ಕೈಗೆ ಬಂದರೆ ಅದರ ಸೀರಿಯಲ್ ಸಂಖ್ಯೆಯನ್ನು ಆ ಪಟ್ಟಿಯೊಂದಿಗೆ ಹೋಲಿಸಿ ನೋಡಿ. ಬೇರೆಯವರು ಹಾಕಿದ ಮಾಸ್ಕ್ ಅಂತೂ ಬೇಡವೇ ಬೇಡ. ಅಮೆರಿಕದಿಂದ ಮಗ ತಂದುಕೊಟ್ಟ ಯಂತ್ರ ನಮ್ಮ ಕರೆಂಟಿಗೆ ಸಾಮಾನ್ಯವಾಗಿ ಹೊಂದುತ್ತದೆ, ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿರುತ್ತದೆ. ಆದರೆ ಕೆಟ್ಟರೆ ಇಲ್ಲಿ ವಾರಂಟಿ ಸಿಗುವುದು ಕಷ್ಟ. ಹಳ್ಳಿಯಲ್ಲಿ ರಾತ್ರಿ ಕರೆಂಟ್ ಹೋಗುವುದಾದರೆ ಮನೆಯ ಯುಪಿಎಸ್‌ಗೆ ಜೋಡಿಸಿ. ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಆರಿಸಿದರೆ ಬ್ಯಾಟರಿ ಇನ್ನೂ ಹೆಚ್ಚು ಹೊತ್ತು ಬರುತ್ತದೆ. ಹ್ಯುಮಿಡಿಫೈಯರಿನ ತೊಟ್ಟಿಗೆ ಬೋರ್‌ವೆಲ್ ನೀರು ಹಾಕಿದರೆ ಬಿಳಿ ಪದರ ಕಟ್ಟುತ್ತದೆ, ಡಿಸ್ಟಿಲ್ಡ್ ವಾಟರ್ ಬಳಸಿ.

ವಿಮೆ ಯಂತ್ರಕ್ಕೆ ಹಣ ಕೊಡದಿದ್ದರೂ ಕಾಯಿಲೆಯನ್ನು ವಿಮೆಯಿಂದ ಮುಚ್ಚಿಡುವ ಹಾಗಿಲ್ಲ. ಹೊಸ ಪಾಲಿಸಿ ಮಾಡಿಸುವಾಗ ಸ್ಲೀಪ್ ಆಪ್ನಿಯ ಇದೆಯೆಂದು ಬರೆಯಲೇಬೇಕು. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಗರಿಷ್ಠ ಅವಧಿಯನ್ನು 2024ರಲ್ಲಿ 48 ತಿಂಗಳಿಂದ 36ಕ್ಕೆ ಇಳಿಸಿದ್ದಾರೆ, ಅದನ್ನು ಕಾದುಬಿಡುವುದೇ ಸರಿ. ಈಗಾಗಲೇ ಪಾಲಿಸಿ ಇದ್ದು, ನಡುವೆ ಕಾಯಿಲೆ ಪತ್ತೆಯಾದರೆ ಹೆದರಬೇಕಾಗಿಲ್ಲ. ಆ ಕಾರಣಕ್ಕೆ ನವೀಕರಣ ನಿರಾಕರಿಸುವಂತಿಲ್ಲ. ಇರುವ ಪಾಲಿಸಿಯನ್ನು ಬಿಟ್ಟು ಬೇರೆಯದು ಹುಡುಕಲು ಹೋಗಬೇಡಿ.

ವಿಮೆಯೇ ಇಲ್ಲದ, 60 ದಾಟಿದ ತಂದೆ ತಾಯಿಯ ವೈದ್ಯಕೀಯ ಖರ್ಚಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 50,000 ರೂಪಾಯಿಯವರೆಗೆ ಕಡಿತವಿದೆ. ನಗದಿನಲ್ಲಿ ಕೊಟ್ಟರೆ ಅದು ಸಿಗದು. ಯಂತ್ರದ ಬಿಲ್ಲನ್ನು ಅದರಲ್ಲಿ ತೋರಿಸಬಹುದೇ ಎಂದು ನಿಮ್ಮ ಲೆಕ್ಕಪರಿಶೋಧಕರನ್ನು ಕೇಳಿ, ಬಿಲ್ ರೋಗಿಯ ಹೆಸರಿನಲ್ಲೇ ಇರಲಿ.

ಪಾಲಿಸಿಯಲ್ಲಿ ಉಪಕರಣದ ರೈಡರ್ ಇದ್ದೂ ಕ್ಲೇಮ್ ತಿರಸ್ಕರಿಸಿದರೆ, ಯಾವ ಷರತ್ತಿನ ಮೇಲೆ ಎಂದು ಬರಹದಲ್ಲಿ ಪಡೆಯಿರಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕಕ್ಕೆಲ್ಲ ಬೆಂಗಳೂರಿನ ಕಚೇರಿ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ವೈದ್ಯರ ಚೀಟಿ, ಎಎಚ್‌ಐ ಇರುವ ವರದಿ, ಬಿಲ್, ತಿರಸ್ಕಾರದ ಪತ್ರ ಇವಿಷ್ಟನ್ನು ಮರೆಯದೆ ಲಗತ್ತಿಸಿ. ನಿಮ್ಮ ದೂರು ಕಚೇರಿಯಿಂದ ಕಚೇರಿಗೆ ಹೋಗುತ್ತಿರುವಷ್ಟು ದಿನವೂ ಬಾಡಿಗೆ ಯಂತ್ರವನ್ನಾದರೂ ಹಾಕಿಕೊಂಡು ಮಲಗಿ.