ಸೋತ ಗಿಲ್‌ಗಾಗಿ ಊರಿನ ಪ್ರಾರ್ಥನೆ

ಕ್ರಿಕೆಟ್‌ನಲ್ಲಿ ನಮ್ಮ ಮೆಚ್ಚಿನ ಆಟಗಾರ ಸೊನ್ನೆಗೆ ಔಟಾದರೆ ನಾವೇನು ಮಾಡುತ್ತೇವೆ? ಟಿ.ವಿ. ಮುಂದೆ ಕುಳಿತಲ್ಲೇ ಗೊಣಗುತ್ತೇವೆ. ಎರಡನೇ ಸಲವೂ ಸೊನ್ನೆಯಾದರೆ ‘ಇವನನ್ನು ತಂಡದಿಂದ ತೆಗೀಬೇಕು’ ಎಂದು ತೀರ್ಪು ಕೊಟ್ಟುಬಿಡುತ್ತೇವೆ. 1952ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಆಟಗಾರನೊಬ್ಬ ವರ್ಷದ ಅತಿ ದೊಡ್ಡ ಪಂದ್ಯಾವಳಿಯಲ್ಲಿ 21 ಸಲ ಪ್ರಯತ್ನಿಸಿ 21 ಸಲವೂ ಸೋತ. ಅಲ್ಲಿನ ಜನ ಅವನನ್ನು ಬೈಯಲಿಲ್ಲ. ಎದ್ದು ನಿಂತು ಚಪ್ಪಾಳೆ ತಟ್ಟಿದರು, ಆಮೇಲೆ ಅವನಿಗಾಗಿ ದೇವರಲ್ಲಿ ಬೇಡಿಕೊಂಡರು. ಆ ಆಟಗಾರರ ಹೆಸರು ಗಿಲ್ ಹಾಡ್ಜಸ್. ಆಟ ಬೇಸ್‌ಬಾಲ್.

ಒಂದು ಊರಿನ ಜನ ಒಬ್ಬ ಆಟಗಾರನನ್ನು ಇಷ್ಟು ಹಚ್ಚಿಕೊಂಡದ್ದು ಯಾಕೆ? ಅದು ತಿಳಿಯಬೇಕಾದರೆ ಅವರ ಬಾಳನ್ನು ಸ್ವಲ್ಪ ನೋಡಬೇಕು.

ಗಣಿ ಕಾರ್ಮಿಕನ ಮಗ

ಗಿಲ್ ಹುಟ್ಟಿದ್ದು 1924ರ ಏಪ್ರಿಲ್ 4ರಂದು, ಇಂಡಿಯಾನಾ ರಾಜ್ಯದ ಪ್ರಿನ್ಸ್‌ಟನ್ ಎಂಬ ಊರಿನಲ್ಲಿ. ತಂದೆ ಚಾರ್ಲ್ಸ್ ಕಲ್ಲಿದ್ದಲು ಗಣಿಯ ಕಾರ್ಮಿಕ. ಗಣಿ ಅಪಘಾತಗಳಲ್ಲಿ ಅವರು ಒಂದು ಕಣ್ಣನ್ನೂ ಕೆಲವು ಕಾಲ್ಬೆರಳುಗಳನ್ನೂ ಕಳೆದುಕೊಂಡಿದ್ದರು. ಅವರಿಗೆ ಒಂದೇ ಹಟ: ತನ್ನ ಇಬ್ಬರು ಗಂಡುಮಕ್ಕಳು ಗಣಿಗೆ ಇಳಿಯಕೂಡದು. ಅದಕ್ಕಾಗಿ ಮಕ್ಕಳಿಗೆ ಓದಿನ ಜೊತೆಗೆ ಆಟವನ್ನೂ ಕಲಿಸಿದರು. ಗಿಲ್ ಕಾಲೇಜು ಸೇರಿದ, ಅಲ್ಲಿಂದ 1943ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡಕ್ಕೆ ಬಂದ. ಆಡಿದ್ದು ಒಂದೇ ಪಂದ್ಯ. ಅಷ್ಟರಲ್ಲಿ ಎರಡನೇ ಮಹಾಯುದ್ಧದ ಕರೆ ಬಂತು.

ಮರೀನ್ ಪಡೆ ಸೇರಿ ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ, ಓಕಿನಾವಾದಲ್ಲಿ ಸೇವೆ ಸಲ್ಲಿಸಿದ ಹಾಡ್ಜಸ್, ಶೌರ್ಯಕ್ಕಾಗಿ ಕಂಚಿನ ನಕ್ಷತ್ರ ಪದಕವನ್ನೂ ಪಡೆದರು. ಆದರೆ ಯುದ್ಧದ ಮಾತನ್ನು ಅವರು ಆಡಿದ್ದು ಕಡಿಮೆ.

ಯುದ್ಧ ಮುಗಿದ ಮೇಲೆ ಮತ್ತೆ ಆಟ. 1948ರ ಡಿಸೆಂಬರ್‌ನಲ್ಲಿ ಬ್ರೂಕ್ಲಿನ್‌ನ ಹುಡುಗಿ ಜೋನ್ ಅವರನ್ನು ಮದುವೆಯಾದರು. ಒಬ್ಬ ಮಗ, ಮೂವರು ಹೆಣ್ಣುಮಕ್ಕಳು. ಹಾಡ್ಜಸ್ ಕ್ಯಾಥೊಲಿಕ್ ಕ್ರೈಸ್ತರು, ಭಾನುವಾರ ಚರ್ಚಿಗೆ ತಪ್ಪದೆ ಹೋಗುವವರು. ಆರಡಿ ಮೀರಿದ ಎತ್ತರ, ಕಬ್ಬಿಣದಂಥ ತೋಳು. ಮೈದಾನದಲ್ಲಿ ಆಟಗಾರರು ಕೈಕೈ ಮಿಲಾಯಿಸಿದರೆ ಆ ಬಲವನ್ನೆಲ್ಲ ಅವರು ಬಳಸುತ್ತಿದ್ದುದು ಜಗಳ ಬಿಡಿಸುವುದಕ್ಕೆ. ಬ್ರೂಕ್ಲಿನ್‌ನ ಜನ ಅವರನ್ನು ತಮ್ಮ ಬೀದಿಯವರೆಂದೇ ಭಾವಿಸಿದ್ದು ಸಹಜ.

21 ಸೊನ್ನೆಗಳು

ಮಕ್ಕಳಿಗೆ ಆಟದ ಲೆಕ್ಕ ಸ್ವಲ್ಪ ಹೇಳುತ್ತೇನೆ. ನಮ್ಮ ಬೌಲರ್‌ನಂತೆ ಅಲ್ಲಿ ಪಿಚರ್ ಇರುತ್ತಾನೆ. ಚೆಂಡು ನೆಲಕ್ಕೆ ಪುಟಿಯದೆ ನೇರವಾಗಿ ಬರುತ್ತದೆ. ಬ್ಯಾಟು ದುಂಡನೆಯ ದೊಣ್ಣೆ, ಹಾಗಾಗಿ ಹೊಡೆಯುವುದು ಬಹಳ ಕಷ್ಟ. ಹತ್ತು ಪ್ರಯತ್ನಗಳಲ್ಲಿ ಮೂರು ಸಲ ಸರಿಯಾಗಿ ಹೊಡೆದು ಬೇಸ್ ಮುಟ್ಟಿದವನನ್ನೇ ಅಲ್ಲಿ ಒಳ್ಳೆಯ ಆಟಗಾರ ಎನ್ನುತ್ತಾರೆ. ಚೆಂಡನ್ನು ಮೈದಾನದ ಬೇಲಿಯಾಚೆ ಕಳಿಸಿದರೆ ಅದು ಹೋಮ್ ರನ್, ನಮ್ಮ ಸಿಕ್ಸರ್ ಇದ್ದಂತೆ.

ಹಾಡ್ಜಸ್ 1950ರಲ್ಲಿ ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಹೊಡೆದಿದ್ದರು. 1952ರ ಋತುವಿನಲ್ಲೂ 32 ಹೊಡೆದಿದ್ದರು. ಆದರೆ ಆ ವರ್ಷದ ಕೊನೆಯ ಹಣಾಹಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ, ನ್ಯೂಯಾರ್ಕ್ ಯಾಂಕೀಸ್ ವಿರುದ್ಧದ ಏಳು ಪಂದ್ಯಗಳಲ್ಲಿ, ಬ್ಯಾಟಿಗೆ ಏನಾಯಿತೋ! 21 ಪ್ರಯತ್ನ, ಫಲ 0. ತಂಡ ಏಳನೇ ಪಂದ್ಯದಲ್ಲಿ ಸೋತು ಪ್ರಶಸ್ತಿ ಕಳೆದುಕೊಂಡಿತು.

ಮರುವರ್ಷವೂ ಅದೇ ಗೋಳು. 1953ರ ಮೇ ತಿಂಗಳಲ್ಲಿ ಅವರನ್ನು ಕೆಲವು ದಿನ ಹೊರಗೆ ಕೂರಿಸಬೇಕಾಯಿತು. ಆಗ ಮನೆಗೆ ಪತ್ರಗಳು ಬರತೊಡಗಿದವು. ಬೈಗುಳದ ಪತ್ರಗಳಲ್ಲ, ಧೈರ್ಯ ಹೇಳುವ ಪತ್ರಗಳು. ಜೊತೆಗೆ ಜಪಮಾಲೆಗಳು, ಶುಭ ತರುವ ತಾಯಿತದಂಥ ವಸ್ತುಗಳು. ಬೇರೆ ಧರ್ಮದವರೂ ತಮ್ಮ ತಮ್ಮ ನಂಬಿಕೆಯ ವಸ್ತುಗಳನ್ನು ಕಳಿಸಿದರು.

ಹೀಗಿರುವಾಗ ಒಂದು ಭಾನುವಾರ ಬ್ರೂಕ್ಲಿನ್‌ನ ಸೇಂಟ್ ಫ್ರಾನ್ಸಿಸ್ ಕ್ಸೇವಿಯರ್ ಚರ್ಚಿನಲ್ಲಿ ಫಾದರ್ ಹರ್ಬರ್ಟ್ ರೆಡ್ಮಂಡ್ ಉಪದೇಶಕ್ಕೆ ನಿಂತರು. ವಿಪರೀತ ಸೆಕೆ. ಇಷ್ಟು ಸೆಕೆಯಲ್ಲಿ ಉಪದೇಶ ಬೇಡ, ಮನೆಗೆ ಹೋಗಿ, ದೇವರ ಆಜ್ಞೆಗಳನ್ನು ಪಾಲಿಸಿ, ಗಿಲ್ ಹಾಡ್ಜಸ್‌ಗಾಗಿ ಒಂದು ಪ್ರಾರ್ಥನೆ ಮಾಡಿ ಎಂದಷ್ಟೇ ಹೇಳಿ ಮುಗಿಸಿದರು! ಆ ಮಾತು ಊರೆಲ್ಲ ಹರಡಿತು.

ಪ್ರಾರ್ಥನೆಯ ಜೊತೆಗೆ ದುಡಿಮೆ

ಪ್ರಾರ್ಥನೆಯ ಬಲದಿಂದ ಮರುದಿನವೇ ಪವಾಡ ನಡೆಯಿತು ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಪೂರ್ತಿ ನಿಜವಾಗುವುದಿಲ್ಲ. ತಂಡದ ಮ್ಯಾನೇಜರ್ ಚಾರ್ಲಿ ಡ್ರೆಸನ್ ಅವರು ಹಾಡ್ಜಸ್ ಬ್ಯಾಟ್ ಮಾಡುವುದನ್ನು ಸಿನಿಮಾ ಕ್ಯಾಮೆರಾದಲ್ಲಿ ಹಿಡಿಸಿ ತೋರಿಸಿದರು. ಚೆಂಡು ಬರುವಾಗ ಮುಂದಿನ ಕಾಲು ತನಗರಿವಿಲ್ಲದೆ ಹೊರಕ್ಕೆ ಸರಿಯುತ್ತಿತ್ತು. ಆ ತಪ್ಪನ್ನು ಹಾಡ್ಜಸ್ ದಿನವೂ ಅಭ್ಯಾಸ ಮಾಡಿ ತಿದ್ದಿಕೊಂಡರು. ಆ ವರ್ಷ ಮುಗಿಯುವಾಗ ಅವರ ಹೋಮ್ ರನ್ 31, ಹತ್ತಕ್ಕೆ ಮೂರರ ಲೆಕ್ಕವನ್ನೂ ದಾಟಿದ್ದರು.

ಇಡೀ ಉದ್ಯೋಗವನ್ನು ಬ್ಯಾಂಕಿನ ಲೆಡ್ಜರ್ ಮುಂದೆ ಕಳೆದವನು ನಾನು. ಒಂದು ಪುಟದಲ್ಲಿ ಬಾಕಿ ಸೊನ್ನೆಯಾದ ಮಾತ್ರಕ್ಕೆ ಗ್ರಾಹಕನ ಖಾತೆಯನ್ನು ನಾವು ಮುಚ್ಚುತ್ತಿರಲಿಲ್ಲ. ಬ್ರೂಕ್ಲಿನ್‌ನ ಜನರೂ ಮುಚ್ಚಲಿಲ್ಲ. ಅದರ ಬಡ್ಡಿ ಅವರಿಗೆ 1955ರ ಅಕ್ಟೋಬರ್ 4ರಂದು ಸಿಕ್ಕಿತು. ಅದೇ ಯಾಂಕೀಸ್ ಎದುರು, ಅದೇ ಏಳನೇ ಪಂದ್ಯ. ಬ್ರೂಕ್ಲಿನ್ 2–0ರಿಂದ ಗೆದ್ದಿತು. ಆ ಎರಡೂ ರನ್ ಬಂದದ್ದು ಹಾಡ್ಜಸ್ ಹೊಡೆತದಿಂದ. ಎರಡನೆಯದಂತೂ ತಾನು ಔಟಾಗಿ ಜೊತೆಗಾರನಿಗೆ ರನ್ ಮಾಡಿಕೊಟ್ಟ ಹೊಡೆತ. ಬ್ರೂಕ್ಲಿನ್ ತಂಡ ವರ್ಲ್ಡ್ ಸೀರೀಸ್ ಗೆದ್ದದ್ದು ಅದೊಂದೇ ಸಲ.

1958ರಲ್ಲಿ ತಂಡವೇ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸ್‌ಗೆ ಹೋಯಿತು. ಹಾಡ್ಜಸ್ ಕೂಡ ಅಲ್ಲಿಗೆ ಹೋಗಿ ಆಡಿದರು, ಆದರೆ ಸಂಸಾರದ ಬೇರು ಬ್ರೂಕ್ಲಿನ್‌ನಲ್ಲೇ ಉಳಿಯಿತು.

ಸೋತವರ ಗುರು

ಆಟ ನಿಲ್ಲಿಸುವಾಗ ಅವರ ಹೋಮ್ ರನ್‌ಗಳ ಸಂಖ್ಯೆ 370. ಆಮೇಲೆ ಮ್ಯಾನೇಜರ್ ಆಗಿ 1968ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡವನ್ನು ವಹಿಸಿಕೊಂಡರು. ಮೆಟ್ಸ್ ಎಂದರೆ ಆಗ ನಗೆಪಾಟಲು. ಹುಟ್ಟಿದ ವರ್ಷವೇ 120 ಪಂದ್ಯ ಸೋತ ತಂಡ ಅದು. ಹಾಡ್ಜಸ್ ಆ ಹುಡುಗರನ್ನು ಹಂಗಿಸಲಿಲ್ಲ. ಶಿಸ್ತು ಕಲಿಸಿದರು, ಎಲ್ಲರಿಗೂ ಆಡುವ ಅವಕಾಶ ಕೊಟ್ಟರು. ಅದೇ ಸೆಪ್ಟೆಂಬರ್‌ನಲ್ಲಿ ಅವರಿಗೆ ಹೃದಯಾಘಾತವಾಯಿತು, ಆದರೂ ಮುಂದಿನ ಋತುವಿಗೆ ಕೆಲಸಕ್ಕೆ ಮರಳಿದರು. 1969ರಲ್ಲಿ ಅದೇ ಮೆಟ್ಸ್ 100 ಪಂದ್ಯ ಗೆದ್ದು, ವರ್ಲ್ಡ್ ಸೀರೀಸ್ ಅನ್ನೂ ಗೆದ್ದಿತು. 21 ಸಲ ಸೋತ ಅನುಭವ ಇದ್ದವರಿಗಲ್ಲದೆ ಸೋಲುವ ಹುಡುಗರ ಮನಸ್ಸು ಇನ್ಯಾರಿಗೆ ತಿಳಿದೀತು?

1972ರ ಏಪ್ರಿಲ್ 2, ಈಸ್ಟರ್ ಭಾನುವಾರ. ಫ್ಲಾರಿಡಾದಲ್ಲಿ ಗೆಳೆಯರೊಡನೆ ಗಾಲ್ಫ್ ಆಡಿ ಮರಳುವಾಗ ಅವರು ಕುಸಿದುಬಿದ್ದರು. 48 ತುಂಬಲು ಇನ್ನೆರಡೇ ದಿನವಿತ್ತು.

ಬೇಸ್‌ಬಾಲ್‌ನ ಅತ್ಯುನ್ನತ ಗೌರವ ‘ಹಾಲ್ ಆಫ್ ಫೇಮ್’ ಅವರಿಗೆ ವರ್ಷಗಟ್ಟಲೆ ಸಿಗಲಿಲ್ಲ. ಪತ್ರಕರ್ತರ ಮತದಾನದಲ್ಲಿ 15 ಸಲ ಹೆಸರು ಬಂದು, ಸಾಕಷ್ಟು ಮತ ಬಾರದೆ ಹೋಯಿತು. ಮನೆಯವರೂ ಅಭಿಮಾನಿಗಳೂ ಆಸೆ ಬಿಡಲಿಲ್ಲ. ಕೊನೆಗೆ 2021ರ ಡಿಸೆಂಬರ್‌ನಲ್ಲಿ ಆಯ್ಕೆ ಸಮಿತಿ ಒಪ್ಪಿತು. ಆಗ ಪತ್ನಿ ಜೋನ್ ಅವರಿಗೆ 95 ವರ್ಷ. ಮರುವರ್ಷದ ಸಮಾರಂಭದಲ್ಲಿ ತಂದೆಯ ಪರವಾಗಿ ಮಾತನಾಡಿದ್ದು ಮಗಳು ಐರೀನ್. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಜೋನ್ ಕೂಡ ತೀರಿಕೊಂಡರು, ಆದರೆ ಗಂಡನಿಗೆ ಸಂದ ಗೌರವವನ್ನು ಕಂಡು ಹೋದರು.

ಪರೀಕ್ಷೆಯ ಫಲಿತಾಂಶ ಬರುವ ದಿನ ಎಲ್ಲ ಮನೆಗಳಲ್ಲೂ ಬರುತ್ತದೆ. ಅಂಕಪಟ್ಟಿ ನೋಡಿ ಮೊಮ್ಮಗ ತಲೆ ತಗ್ಗಿಸಿ ನಿಂತಾಗ, ಅಜ್ಜ ಅಜ್ಜಿಯರೇ, ಉಪದೇಶವನ್ನು ಆ ಸೆಕೆಯ ಭಾನುವಾರದ ಫಾದರ್‌ನಂತೆ ಚುಟುಕಾಗಿಸಿ. ಮಕ್ಕಳೇ, ನೀವು ಹಾಡ್ಜಸ್‌ರಂತೆ ಎಡವುತ್ತಿರುವ ಕಾಲು ಯಾವುದೆಂದು ಹುಡುಕಿ ತಿದ್ದಿಕೊಳ್ಳಿ.