ಗೇಣಿನಂತರದ ಬೆಳಕು

ಮಲೆನಾಡಿನ ಆಷಾಢದಲ್ಲಿ, ವಾರಗಟ್ಟಲೆ ಸೂರ್ಯದರ್ಶನವಿಲ್ಲದೆ ಮುಗಿಲು ಮಾಡಿಗೆ ತಾಗುವಂತೆ ಇಳಿದು ನಿಂತಿರುವ ದಿನಗಳಲ್ಲಿ, ಕಿಟಕಿಯ ಬಳಿ ಇಟ್ಟ ತಟ್ಟೆಯಲ್ಲಿ ಮೊಳೆತ ಟೊಮೇಟೊ ಸಸಿಗಳನ್ನು ಕಂಡವರಿಗೆ, ಬೆಳಕಿನ ಅಭಾವವೆಂದರೇನೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ನಾನು ಹಾಗೆ ಬೆಳೆಸಿದ ಸಸಿಗಳು ಎಂಟು ದಿನಗಳಲ್ಲಿ ನಾಲ್ಕು ಬೆರಳಿಗೂ ಮಿಗಿಲಾಗಿ ಎತ್ತರವಾದುವು. ಕಾಂಡ ಮಾತ್ರ ನೂಲಿನಷ್ಟು ತೆಳು, ಬಣ್ಣ ಬಿಳಿಚಿದ ಹಸುರು, ಬೀಜದಳಗಳೆರಡೂ ಕಿಟಕಿಯತ್ತ ಕತ್ತು ಹೊರಳಿಸಿಕೊಂಡಿದ್ದುವು. ಒಂಬತ್ತನೆಯ ದಿನ ನೀರು ಚಿಮುಕಿಸಿದಾಗ ಅರ್ಧದಷ್ಟು ಸಸಿಗಳು ಮಲಗಿದುವು, ಮತ್ತೆ ಏಳಲಿಲ್ಲ. ಬೀಜದೊಳಗಿನ ಅಲ್ಪ ಬುತ್ತಿಯನ್ನೆಲ್ಲ ಬೆಳಕನ್ನರಸುವುದರಲ್ಲಿಯೇ ವ್ಯಯಮಾಡಿದ ಆ ಜೀವಗಳಿಗೆ, ಕಾಂಡವನ್ನು ಗಟ್ಟಿಮಾಡಿಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ.

ಇಂತಹ ಸಸಿಗಳಿಗೆ, ನಮ್ಮ ಮನೆಗಳ ಗೋಡೆಯ ಮೇಲೆ ದೀರ್ಘಕಾಲ ಬೆಳಗಿದ ಟ್ಯೂಬ್‌ಲೈಟೇ ಸೂರ್ಯನ ಪ್ರತಿನಿಧಿಯಾಗಬಲ್ಲುದು. 1938ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಈ ದೀಪದಲ್ಲಿ, ಕೊಳವೆಯ ಎರಡು ತುದಿಗಳ ನಡುವೆ ಹರಿಯುವ ವಿದ್ಯುತ್ತು ಒಳಗಿರುವ ವಿರಳವಾದ ಪಾದರಸದ ಆವಿಯನ್ನು ಉದ್ರೇಕಿಸಿ, 254 ನ್ಯಾನೊಮೀಟರ್ ತರಂಗಾಂತರದ, ಕಣ್ಣಿಗೆ ಅಗೋಚರವಾದ ಅತಿನೇರಳೆ ಕಿರಣವನ್ನು ಹೊಮ್ಮಿಸುತ್ತದೆ. ಗಾಜಿನ ಒಳಮೈಗೆ ಲೇಪಿಸಿದ ಬಿಳಿಯ ಪುಡಿಯು ಆ ಕಿರಣವನ್ನು ಹೀರಿ ಗೋಚರ ಪ್ರಕಾಶವನ್ನಾಗಿ ಮರಳಿಸುತ್ತದೆ. ಇದೇ ಪ್ರತಿದೀಪ್ತಿ. ಫ್ಲೂರ್‌ಸ್ಪಾರ್ ಎಂಬ ಖನಿಜದ ಹೆಸರಿನ ಮೇಲಿಂದ ಇದಕ್ಕೆ ಇಂಗ್ಲಿಷಿನಲ್ಲಿ ಫ್ಲೂರೆಸೆನ್ಸ್ ಎಂದು ನಾಮಕರಣ ಮಾಡಿದವನು, 1852ರಲ್ಲಿ, ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಎಂಬ ವಿಜ್ಞಾನಿ. ಹಳೆಯ ತಂತಿಯ ಬಲ್ಬು ತಾನು ನುಂಗಿದ ವಿದ್ಯುತ್ತಿನ ಬಹುಭಾಗವನ್ನು ಶಾಖವಾಗಿ ಚೆಲ್ಲುತ್ತಿತ್ತು. ಟ್ಯೂಬಿನ ನಡುಭಾಗವಾದರೋ ಗಂಟೆಗಟ್ಟಲೆ ಉರಿದ ಮೇಲೂ ಅಂಗೈಗೆ ಬೆಚ್ಚಗೆ ತೋರುವುದೇ ಹೊರತು ಸುಡುವುದಿಲ್ಲ.

ಎಳೆಯ ಸಸಿಯ ದೃಷ್ಟಿಯಿಂದ ಈ ತಂಪೇ ಟ್ಯೂಬಿನ ಪರಮಗುಣ. ಏಕೆಂದರೆ ಎಲೆ ಬಾಡದಂತೆ ದೀಪವನ್ನು ಅದರ ನೆತ್ತಿಯ ಸಮೀಪಕ್ಕೆ ತರಬಹುದು. ಗೋಡೆಯ ಮೇಲಿನ ಟ್ಯೂಬ್‌ಲೈಟು ಓದುವುದಕ್ಕೆ ಸಾಕಾದೀತು, ಆದರೆ ನೆಲದ ಮೇಲಿಟ್ಟ ಸಸಿಗೆ ಅದು ಮುಸ್ಸಂಜೆ. ಅದೇ ದೀಪವನ್ನು ಸಸಿಯ ಮೇಲೆ ಒಂದು ಗೇಣಿನೆತ್ತರಕ್ಕೆ ಇಳಿಸಿ ಕಟ್ಟಿದರೆ ಬೆಳಕು ಹಲವು ಪಟ್ಟು ಹೆಚ್ಚುತ್ತದೆ. ಇಲ್ಲಿ ಮತ್ತೊಂದು ಸ್ವಾರಸ್ಯವುಂಟು: ಬಿಂದುವಿನಂತಹ ಬಲ್ಬಿನಿಂದ ಗೇಣಿನ ದೂರವು ಮೊಳವಾದರೆ ಬೆಳಕು ಕಾಲುಭಾಗಕ್ಕೆ ಕುಗ್ಗುತ್ತದೆ, ಆದರೆ ನಾಲ್ಕಡಿ ಉದ್ದದ ಕೊಳವೆಯ ಕೆಳಗೆ ಅದೇ ಅಂತರದಲ್ಲಿ ಸರಿಸುಮಾರು ಅರ್ಧಕ್ಕೆ ಮಾತ್ರ ಇಳಿಯುತ್ತದೆ, ಮತ್ತು ತಟ್ಟೆಯ ಉದ್ದಕ್ಕೂ ಹೆಚ್ಚುಕಡಿಮೆ ಸಮವಾಗಿ ಹರಡುತ್ತದೆ. ಸಸಿ ಬೆಳೆದಂತೆ ದೀಪವನ್ನೂ ಮೇಲೇರಿಸಬೇಕಾದುದರಿಂದ, ಎರಡು ಸರಪಳಿಗಳಲ್ಲಿ ತೂಗುಹಾಕುವುದು ಲೇಸು. ಟ್ಯೂಬಿಗೆ ಹರಿಯುವ ವಿದ್ಯುತ್ತನ್ನು ಹತೋಟಿಯಲ್ಲಿಡುವ ಚೋಕು ಮಾತ್ರ ನೀರು ತಾಗದ ಸ್ಥಳದಲ್ಲಿರತಕ್ಕದ್ದು.

ಟ್ಯೂಬನ್ನು ಕೊಳ್ಳುವವರು ಪೆಟ್ಟಿಗೆಯ ಮೇಲಿನ ಲ್ಯೂಮೆನ್ ಸಂಖ್ಯೆಯನ್ನು ನೋಡುವುದು ವಾಡಿಕೆ. ಆದರೆ ಲ್ಯೂಮೆನ್ ಎಂಬುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಮಾನ. 555 ನ್ಯಾನೊಮೀಟರಿನ ಹಳದಿಹಸುರಿಗೆ ಅದು ಅತ್ಯಧಿಕ ಬೆಲೆ ಕಟ್ಟುತ್ತದೆ. ಎಲೆಯ ಪತ್ರಹರಿತ್ತಾದರೋ ನೀಲಿ ಮತ್ತು ಕೆಂಪು ಕಿರಣಗಳನ್ನು ಅತಿಯಾಗಿ ಹೀರುತ್ತದೆ. ಹಾಗೆಂದು ಹಸುರು ಕಿರಣವು ಎಲೆಗೆ ನಿಷ್ಪ್ರಯೋಜಕವೆಂದು ತಿಳಿಯುವುದೂ ತಪ್ಪು. ಕೀತ್ ಮ್ಯಾಕ್ರೀ ಎಂಬ ವಿಜ್ಞಾನಿ ಅನೇಕ ಬೆಳೆಗಳ ಎಲೆಗಳನ್ನು ಅಳೆದು 1972ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, 400ರಿಂದ 700 ನ್ಯಾನೊಮೀಟರಿನವರೆಗಿನ ಎಲ್ಲ ಬಣ್ಣಗಳೂ ದ್ಯುತಿಸಂಶ್ಲೇಷಣೆಗೆ ನೆರವಾಗುತ್ತವೆ. ಆದುದರಿಂದ ಸಸ್ಯಗಳಿಗೆಂದೇ ಮಾರುವ, ನಸುಗೆಂಪು ಬೆಳಕಿನ ದುಬಾರಿ ಟ್ಯೂಬುಗಳು ಅನಿವಾರ್ಯವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಅಂಗಡಿಯಲ್ಲಿ ಕೂಲ್ ಡೇಲೈಟ್ ಎಂದು ಕೇಳಿದರೆ ದೊರೆಯುವ 6500 ಕೆಲ್ವಿನ್ನಿನ ಬಿಳಿ ಟ್ಯೂಬಿನಲ್ಲಿ ನೀಲಾಂಶ ಹೇರಳವಾಗಿದೆ. ನೀಲಿಯು ಕಾಂಡದ ಅತಿನೀಳವನ್ನು ತಡೆಯುವ ಬಣ್ಣ. ವಾರ್ಮ್ ವೈಟ್ ಎಂಬ 2700 ಕೆಲ್ವಿನ್ನಿನ ಹಳದಿ ಛಾಯೆಯಲ್ಲಿ ಆ ಅಂಶ ಕಡಿಮೆ.

ಕಾಂಡದ ಗಿಡ್ಡತನಕ್ಕೆ ಮತ್ತೊಂದು ಕಾರಣವುಂಟು. ಅಮೆರಿಕದ ಬೆಲ್ಟ್ಸ್‌ವಿಲ್ಲಿನಲ್ಲಿ ವಿಜ್ಞಾನಿಗಳಾದ ಹ್ಯಾರಿ ಬೋರ್ತ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಸಂಗಡಿಗರು ಲೆಟ್ಯೂಸ್ ಸೊಪ್ಪಿನ ನೆನೆದ ಬೀಜಗಳಿಗೆ 660 ನ್ಯಾನೊಮೀಟರಿನ ಸುಮಾರಿನ ಕೆಂಪು ಬೆಳಕನ್ನು ಕ್ಷಣಕಾಲ ತೋರಿಸಿದಾಗ ಅವು ಮೊಳೆತುವು. ಅದರ ಹಿಂದೆಯೇ 730ರ ಸುಮಾರಿನ ಕಡುಗೆಂಪನ್ನು ತೋರಿಸಿದರೆ ಮೊಳೆಯಲಿಲ್ಲ. ಎಷ್ಟು ಬಾರಿ ಬದಲಿಸಿದರೂ ಕಡೆಯದಾಗಿ ಕಂಡ ಬೆಳಕಿನ ಆಜ್ಞೆಯನ್ನೇ ಬೀಜ ಪಾಲಿಸಿತು. 1952ರಲ್ಲಿ ಪ್ರಕಟವಾದ ಈ ಪ್ರಯೋಗದ ಹಿಂದಿದ್ದ ವರ್ಣದ್ರವ್ಯವೇ ಫೈಟೊಕ್ರೋಮ್. ಸಸಿಯೂ ಇದರಿಂದಲೇ ನೆರಳನ್ನರಿಯುತ್ತದೆ: ಮೇಲಿನ ಮರದೆಲೆಗಳು ಕೆಂಪನ್ನು ಹೀರಿ ಕಡುಗೆಂಪನ್ನು ಕೆಳಗೆ ಬಿಡುವುದರಿಂದ, ಕಡುಗೆಂಪು ಮಿಗಿಲಾದೊಡನೆ ಸಸಿ ತಾನು ಇತರರ ನೆರಳಿನಲ್ಲಿರುವೆನೆಂದು ಬಗೆದು ಕತ್ತನ್ನುದ್ದಮಾಡುತ್ತದೆ. ತಂತಿಯ ಬಲ್ಬಿನಲ್ಲಿ ಕಡುಗೆಂಪು ಯಥೇಚ್ಛ, ಟ್ಯೂಬ್‌ಲೈಟಿನಲ್ಲಿ ಅತ್ಯಲ್ಪ. ಆದುದರಿಂದ ಟ್ಯೂಬಿನ ಕೆಳಗಿನ ಸಸಿಯು, ತಾನು ಬಯಲಿನಲ್ಲಿರುವೆನೆಂಬ ನೆಚ್ಚಿಕೆಯಿಂದಲೋ ಎಂಬಂತೆ, ಕುಳ್ಳಗೆ, ಗಟ್ಟಿಯಾಗಿ ನಿಲ್ಲುತ್ತದೆ.

ದಿನಕ್ಕೆ ಹದಿನಾಲ್ಕರಿಂದ ಹದಿನಾರು ಗಂಟೆಯ ಬೆಳಕು ತರಕಾರಿ ಸಸಿಗೆ ಸಾಕು. ಕೆಲವು ಸಸ್ಯಗಳಿಗೆ ಮಾತ್ರ ಇರುಳಿನ ದೀರ್ಘತೆಯೇ ಹೂಬಿಡುವ ಸಂಕೇತ. ಭಾರತದಲ್ಲಿ 1985ರ ಮಾದಕದ್ರವ್ಯ ಕಾನೂನಿಗೆ ಒಳಪಟ್ಟಿರುವ, 2018ರಿಂದ ಕೆನಡಾದಲ್ಲಿ ನಿಯಮಬದ್ಧವಾಗಿ ಬೆಳೆಯಲು ಅನುಮತಿಯಿರುವ ಗಾಂಜಾ ಗಿಡವೂ ಇದೇ ವರ್ಗಕ್ಕೆ ಸೇರಿದುದರಿಂದ, ಅಲ್ಲಿನ ಬೆಳೆಗಾರರು ಅದರ ಎಳವೆಯನ್ನು ದೀರ್ಘ ಹಗಲಿನ ತಂಪು ಬೆಳಕಿನಲ್ಲಿ ಕಳೆಸುತ್ತಾರೆ.

ಟ್ಯೂಬಿನ ಈ ಗುಣಗಳನ್ನು ಅತ್ಯಂತ ಶ್ರದ್ಧೆಯಿಂದ ಬಳಸಿಕೊಂಡವರು ಬಾಳೆಯ ಅಂಗಾಂಶ ಕೃಷಿಯವರು. ಅವರ ಬೆಳೆಕೋಣೆಯಲ್ಲಿ ಕಪಾಟಿನಂತೆ ಒಂದರ ಮೇಲೊಂದು ಅಟ್ಟಣೆ, ಪ್ರತಿ ಅಟ್ಟಣೆಯ ಕೆಳಮೈಗೆ ಟ್ಯೂಬುಗಳು, ಅವುಗಳ ಅಡಿಯಲ್ಲಿ ಸಾಲು ಸಾಲು ಬಾಟಲಿಗಳು. ಒಳಗೆ ಹನಿಗಟ್ಟಿದ ಗಾಜಿನ ಹಿಂದೆ, ಸಕ್ಕರೆ ಬೆರೆತ ಲೋಳೆಯಲ್ಲಿ ಬೇರೂರಿ, ಕಿರುಬೆರಳಿನಷ್ಟು ಬಾಳೆಯ ಕಂದುಗಳು. ಸಕ್ಕರೆಯ ಆಹಾರವಿರುವ ಅವಕ್ಕೆ ಎರಡು ಮೂರು ಸಾವಿರ ಲಕ್ಸ್, ಎಂದರೆ ಚದರ ಮೀಟರಿಗೆ ಅಷ್ಟು ಲ್ಯೂಮೆನ್, ಸಾಕು. ಮಣ್ಣಿನಲ್ಲಿ ಸ್ವಂತ ದುಡಿಮೆಯಿಂದ ಬದುಕಬೇಕಾದ ಸಸಿಗೆ ಅದರ ಹಲವು ಪಟ್ಟು ಬೇಕು.

ಟ್ಯೂಬಿಗೂ ಮುಪ್ಪುಂಟು. ತುದಿಗಳು ಕಪ್ಪಾಗುವ ಮೊದಲೇ ಬೆಳಕು ಕ್ರಮೇಣ ಕ್ಷೀಣಿಸಿರುತ್ತದೆ. ನಮ್ಮ ಕಣ್ಣು ಅದಕ್ಕೆ ಒಗ್ಗಿಕೊಳ್ಳುತ್ತದೆ, ಎಲೆಗೆ ಒಗ್ಗಿಕೊಳ್ಳಲು ಬಾರದು. ಒಡೆದ ಟ್ಯೂಬಿನಲ್ಲಿ ಕೆಲವೇ ಮಿಲಿಗ್ರಾಂ ಆದರೂ ಪಾದರಸವಿರುವುದರಿಂದ, ಕಿಟಕಿ ತೆರೆದು, ಪೊರಕೆ ಮುಟ್ಟದೆ, ಒದ್ದೆ ಕಾಗದದಿಂದ ಚೂರುಗಳನ್ನು ಎತ್ತತಕ್ಕದ್ದು. ಈ ಕಾರಣದಿಂದಲೇ, ಪಾದರಸವನ್ನು ನಿಯಂತ್ರಿಸುವ ಮಿನಾಮಾಟಾ ಒಪ್ಪಂದದ ರಾಷ್ಟ್ರಗಳು 2023ರಲ್ಲಿ ಸಭೆ ಸೇರಿ, 2027ರ ವೇಳೆಗೆ ನೀಳ ಕೊಳವೆಗಳ ತಯಾರಿಕೆ ನಿಲ್ಲಬೇಕೆಂದು ನಿಶ್ಚಯಿಸಿದುವು. ಅವುಗಳ ಸ್ಥಾನಕ್ಕೆ ಬಂದಿರುವ ಎಲ್‌ಇಡಿ ಪಟ್ಟಿಗೂ ಗೇಣಿನ ಲೆಕ್ಕವೇ ಅನ್ವಯಿಸುತ್ತದೆ.

ನಾಲ್ಕು ನಿಜ ಎಲೆಗಳು ಮೂಡಿದ ಮೇಲೆ ಸಸಿಯನ್ನು ಒಮ್ಮೆಗೇ ಬಿಸಿಲಿಗೆ ಇಡಬಾರದು. ಗೇಣಿನ ಕೆಳಗೂ ಜೋಡಿ ಟ್ಯೂಬು ಕೊಡುವ ಬೆಳಕು ಹತ್ತು ಸಾವಿರ ಲಕ್ಸ್ ಮುಟ್ಟುವುದು ಕಷ್ಟ. ಮಧ್ಯಾಹ್ನದ ಬಿಸಿಲು ಒಂದು ಲಕ್ಷ. ಮೊದಲ ದಿನ ಜಗಲಿಯ ನೆರಳು, ಮರುದಿನ ಬೆಳಗಿನ ಎಳೆಬಿಸಿಲು ಒಂದು ಗಂಟೆ, ಅನಂತರ ಎರಡು. ಹೀಗೆ ವಾರ ಕಳೆದ ಮೇಲೆ, ಮೋಡ ಕವಿದ ಒಂದು ಸಂಜೆ ನೋಡಿ, ಪಾತಿಗೆ ಇಳಿಸಬೇಕು.