ಮನೆಯ ನೆಟ್: ಕಟ್ಟುವ ಬಗೆ, ಕೆಟ್ಟರೆ ಹುಡುಕುವ ಬಗೆ

ಫೈಬರ್ ಸಂಪರ್ಕವಿರುವ ಮನೆಗೆ ಇಂಟರ್‌ನೆಟ್ ಬರುವುದು ಕೂದಲೆಳೆಯಷ್ಟು ತೆಳುವಾದ ಗಾಜಿನ ಎಳೆಯಲ್ಲಿ, ಬೆಳಕಿನ ರೂಪದಲ್ಲಿ. ಗೋಡೆಯ ಮೇಲಿನ ಓಎನ್‌ಟಿ ಪೆಟ್ಟಿಗೆ ಆ ಬೆಳಕನ್ನು ವಿದ್ಯುತ್ ಸಂಕೇತಕ್ಕೆ ತಿರುಗಿಸುತ್ತದೆ. ರೌಟರ್ ಅದನ್ನು ಫೋನು, ಟಿವಿ, ಲ್ಯಾಪ್‌ಟಾಪ್‌ಗಳಿಗೆ ಹಂಚುತ್ತದೆ. ಅನೇಕ ಮನೆಗಳಲ್ಲಿ ಈಗ ಎರಡೂ ಒಂದೇ ಪೆಟ್ಟಿಗೆಯೊಳಗಿರುತ್ತವೆ.

ಸೇರಿಕೊಂಡ ಪ್ರತಿ ಸಾಧನಕ್ಕೂ ರೌಟರ್ ಒಂದೊಂದು ಐಪಿ ವಿಳಾಸ ಕೊಡುತ್ತದೆ. ಈ ಕೆಲಸದ ಹೆಸರು ಡಿಎಚ್‌ಸಿಪಿ. ಸಾಮಾನ್ಯವಾಗಿ 192.168 ಎಂದು ಆರಂಭವಾಗುವ ಈ ವಿಳಾಸಗಳು ಮನೆಯೊಳಗಷ್ಟೇ ಸಲ್ಲುವಂಥವು. ಪಕ್ಕದ ಮನೆಯಲ್ಲೂ ಅವೇ ಇದ್ದರೆ ಅಡ್ಡಿಯಿಲ್ಲ.

ವೈಫೈಗೆ ಮುಖ್ಯವಾಗಿ ಎರಡು ಬ್ಯಾಂಡ್‌ಗಳಿವೆ. 2.4 ಗಿಗಾಹರ್ಟ್ಸ್ ಗೋಡೆ ದಾಟಿ ದೂರ ಹೋಗುತ್ತದೆ, ಆದರೆ ನಿಧಾನ. 5 ಗಿಗಾಹರ್ಟ್ಸ್ ವೇಗವಾಗಿದ್ದರೂ ಒಂದೆರಡು ಗೋಡೆಗಳಿಗೇ ಸೊರಗುತ್ತದೆ. ಆದ್ದರಿಂದ ರೌಟರ್ ಇರಬೇಕಾದ್ದು ಮನೆಯ ನಡುವೆ, ಎತ್ತರದಲ್ಲಿ. ಕಬ್ಬಿಣದ ಬೀರುವಿನ ಹಿಂದೆಯಂತೂ ಖಂಡಿತ ಅಲ್ಲ. ಅಪಾರ್ಟ್‌ಮೆಂಟುಗಳಲ್ಲಿ ಅಕ್ಕಪಕ್ಕದ ಸಂಕೇತಗಳು 2.4ರಲ್ಲಿ ಒಂದರ ಮೇಲೊಂದು ಬೀಳುತ್ತವೆ. ಅಲ್ಲಿ ಪರಸ್ಪರ ತಾಗದ 1, 6, 11ನೇ ಚಾನೆಲ್‌ಗಳಲ್ಲಿ ಖಾಲಿ ಇರುವುದನ್ನು ಆರಿಸಬೇಕು.

ದೂರದ ಕೋಣೆಗೆ ನೆಟ್ ತಲುಪದಿದ್ದಾಗ ಹೆಚ್ಚಿನವರು ರಿಪೀಟರ್ ಕೊಳ್ಳುತ್ತಾರೆ. ಸಾಧ್ಯವಿದ್ದರೆ ಕೇಬಲ್ ಎಳೆಯುವುದೇ ಮೇಲು. ಒಂದು ಕ್ಯಾಟ್ 6 ಕೇಬಲ್ 100 ಮೀಟರ್‌ವರೆಗೆ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸಬಲ್ಲದು. ಹೊಸ ಮನೆ ಕಟ್ಟುವವರು ಕರೆಂಟಿನ ವೈರಿನಿಂದ ಬೇರೆಯಾಗಿ ಇದಕ್ಕೊಂದು ಪೈಪು ಹಾಕಿಸಿಕೊಂಡರೆ ಎಷ್ಟೋ ವರ್ಷ ನೆಮ್ಮದಿ. ಆ ಕೇಬಲ್ಲಿನ ತುದಿಗೆ ಹಳೆಯ ರೌಟರನ್ನೇ ಜೋಡಿಸಬಹುದು. ಅದರ ಡಿಎಚ್‌ಸಿಪಿ ಆಫ್ ಮಾಡಿ, ವಿಳಾಸವನ್ನು 192.168.1.2 ಎಂಬಂತೆ ಬದಲಿಸಿ, ಕೇಬಲ್ಲನ್ನು ಲ್ಯಾನ್ ಪೋರ್ಟಿಗೆ ಸಿಕ್ಕಿಸಬೇಕು. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡು ರೌಟರುಗಳೂ ವಿಳಾಸ ಹಂಚತೊಡಗುತ್ತವೆ; ಒಂದು ಫೋನಿಗೆ ನೆಟ್ ಬಂದು ಇನ್ನೊಂದಕ್ಕೆ ಬಾರದ ವಿಚಿತ್ರ ತೊಂದರೆಗೆ ಇದೊಂದು ಸಾಮಾನ್ಯ ಕಾರಣ.

ನೆಟ್ ನಿಂತಾಗ ಮೊದಲು ನೋಡಬೇಕಾದ್ದು ಓಎನ್‌ಟಿಯ ದೀಪಗಳನ್ನು. ಎಲ್ಓಎಸ್ ದೀಪ ಕೆಂಪಾಗಿದ್ದರೆ ಬೆಳಕೇ ಬರುತ್ತಿಲ್ಲ. ಫೈಬರ್ ಎಲ್ಲೋ ತುಂಡಾಗಿರಬಹುದು, ಮಡಚಿರಬಹುದು. ರೌಟರಿನ ಸೆಟ್ಟಿಂಗ್ ಬದಲಿಸಿ ಫಲವಿಲ್ಲ. ದೀಪ ಸರಿಯಿದ್ದರೆ ಲ್ಯಾಪ್‌ಟಾಪನ್ನು ಕೇಬಲ್ಲಿನಿಂದ ರೌಟರಿಗೆ ಜೋಡಿಸಬೇಕು. ಆಗ ನೆಟ್ ಚೆನ್ನಾಗಿ ಬಂದರೆ ದೋಷ ವೈಫೈಯದು. ಬಾರದಿದ್ದರೆ ಪಿಂಗ್ ಆಜ್ಞೆಯಿಂದ ಹತ್ತಿರದಿಂದ ದೂರಕ್ಕೆ ಪರೀಕ್ಷಿಸುತ್ತ ಹೋಗಬೇಕು: ಮೊದಲು ರೌಟರಿನ ವಿಳಾಸ, ಆಮೇಲೆ ಹೊರಗಿನ 8.8.8.8. ಎರಡೂ ಉತ್ತರಿಸಿ ಜಾಲತಾಣಗಳು ಮಾತ್ರ ತೆರೆಯದಿದ್ದರೆ, ಹೆಸರನ್ನು ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ಮೇಲೆ ಅನುಮಾನ. ಲ್ಯಾಪ್‌ಟಾಪಿನಲ್ಲಿ 169.254ರಿಂದ ಆರಂಭವಾಗುವ ವಿಳಾಸ ಕಂಡರೆ ರೌಟರಿನಿಂದ ಅದಕ್ಕೆ ವಿಳಾಸವೇ ಸಿಕ್ಕಿಲ್ಲ. ಗಿಗಾಬಿಟ್ ಕೇಬಲ್ 100 ಮೆಗಾಬಿಟ್‌ನಲ್ಲೇ ನಿಂತಿದ್ದರೆ ಎಂಟು ತಂತಿಗಳಲ್ಲಿ ಒಂದು ಕನೆಕ್ಟರಿನೊಳಗೆ ಸರಿಯಾಗಿ ಕೂತಿಲ್ಲದಿರಬಹುದು. ತುದಿ ಕತ್ತರಿಸಿ ಮತ್ತೆ ಕ್ರಿಂಪ್ ಮಾಡಬೇಕು.

ಒಂದು ಸಲಕ್ಕೆ ಒಂದನ್ನಷ್ಟೇ ಬದಲಿಸಿ ನೋಡಬೇಕು. ರೀಸೆಟ್ ಗುಂಡಿ ಒತ್ತುವುದು ಕೊನೆಯ ಉಪಾಯ. ಅದು ಕಂಪನಿ ಕೊಟ್ಟ ಲಾಗಿನ್ ವಿವರಗಳನ್ನೂ ಅಳಿಸಬಹುದು. ಅವನ್ನು ಮೊದಲೇ ಬರೆದಿಟ್ಟುಕೊಳ್ಳದಿದ್ದರೆ ಕಂಪನಿಯವರು ಬರುವವರೆಗೆ ಕಾಯಬೇಕಾದೀತು.